ಕಿಡ್ನಿ ಬಂದಿದೆ ಎಂದು ಫೋನ್ ಬಂದಾಗ ದಾನಿಯ ಬಗ್ಗೆ ಏನೇನು ಕೇಳಬೇಕು

ಮೊದಲ ಫೋನ್ ಬಂದದ್ದು ರಾತ್ರಿ 2 ಗಂಟೆ 10 ನಿಮಿಷಕ್ಕೆ. ಲೆಕ್ಕ ಬರೆಯುವುದು ನನ್ನ ಕಸುಬು, ಹಾಗಾಗಿ ಏನು ಬಂದರೂ ಮೊದಲು ತಾರೀಕು, ಹೊತ್ತು ಗೀಚಿಕೊಳ್ಳುವ ಚಾಳಿ.

"ಮೇಡಂ, ನಿಮಗೆ ಹೊಂದುವ ಕಿಡ್ನಿ ಒಂದಿದೆ. ದಾನಿಗೆ 27 ವರ್ಷ, ರಸ್ತೆ ಅಪಘಾತ. ಕ್ರಿಯಾಟಿನಿನ್ ಮಾತ್ರ 3.4 ಇದೆ. ಒಂದು ಗಂಟೆಯೊಳಗೆ ಹೇಳಬೇಕು," ಎಂದರು ಕೋಆರ್ಡಿನೇಟರ್.

ಡಯಾಲಿಸಿಸ್ ಶುರುವಾಗಿ ಮೂರು ವರ್ಷವಾಗಿತ್ತು. ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, ಕಿಡ್ನಿ ಕೆಟ್ಟಷ್ಟೂ ಅದರ ಅಂಕಿ ಏರುತ್ತದೆ. 3.4 ಎಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ನನ್ನ ಕಿಡ್ನಿಗಳು ಕೆಡುತ್ತ ಹೋದಾಗ ಆ ಅಂಕಿಯನ್ನು ದಾಟಿಕೊಂಡೇ ಹೋದವು. ಕಸಿ ಮಾಡುವಾಗ ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹಾಳಾದ ಎರಡರ ಜೊತೆಗೆ ಹಾಳಾದ ಮೂರನೆಯದನ್ನೂ ಇಡಿಸಿಕೊಳ್ಳಲೇ ಎಂದುಕೊಂಡು ಬೇಡ ಎಂದೆ. ಫೋನ್ ಇಟ್ಟು ಮಲಗಿದೆ, ನಿದ್ದೆಯೂ ಬಂತು.

ಮೂರು ವಾರದ ಮೇಲೆ ತಪಾಸಣೆಗೆ ಹೋದಾಗ ನಮ್ಮ ಡಾಕ್ಟರು ಫೈಲ್ ತಿರುವುತ್ತ ಕೇಳಿದರು: "ಆ ಹುಡುಗ ಆಸ್ಪತ್ರೆಗೆ ಬಂದಾಗ ಕ್ರಿಯಾಟಿನಿನ್ 0.9 ಇತ್ತಲ್ಲಮ್ಮ. ನೀವು ಕೇಳಲಿಲ್ವಾ?"

ಕೇಳಿರಲಿಲ್ಲ. ಮುಂದಿನ ಫೋನ್ ಬರಲು ಇನ್ನೂ 14 ತಿಂಗಳು ಹಿಡಿಯಿತು.

ಆ ಒಂದು ಗಂಟೆಗೆ ಮೊದಲೇ ತಯಾರಾಗುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಒಂದು ಸಲ ತಪ್ಪಿ ಆಮೇಲೆ ಓದಿ, ಕೇಳಿ ತಿಳಿದುಕೊಂಡವಳು. ತೀರ್ಮಾನವನ್ನು ನಿಮ್ಮ ವೈದ್ಯರೊಂದಿಗೆ ಕೂತೇ ಮಾಡಬೇಕು. ರಾತ್ರಿ ಎರಡು ಗಂಟೆಗೆ ಹಾಗೆ ಕೂರಲು ಆಗುವುದಿಲ್ಲವಾದ್ದರಿಂದ ಮುಂದಿನ ತಪಾಸಣೆಗೆ ಹೋದಾಗಲೇ ಕೇಳಿಬಿಡಿ: "ನನಗೆ ಎಂಥ ದಾನಿಯ ಕಿಡ್ನಿಯಾದರೆ ಒಪ್ಪಬಹುದು, ಎಂಥದ್ದಾದರೆ ಬಿಡಬೇಕು?" ಉತ್ತರವನ್ನು ಬರೆದಿಟ್ಟುಕೊಳ್ಳಿ. ಕೆಲವು ಬಗೆಯ ದಾನಿಗಳಿಗೆ, ಅಂದರೆ ವಯಸ್ಸಾದವರು ಅಥವಾ ಹೆಪಟೈಟಿಸ್ ಸಿ ಇರುವವರು, ಮುಂಚೆಯೇ ಒಪ್ಪಿಗೆಯ ಸಹಿ ಬೇಕಾಗಬಹುದು. ಸಹಿ ಇಲ್ಲದಿದ್ದರೆ ಅಂಥ ಕಿಡ್ನಿ ಬಂದರೂ ನಿಮಗೆ ಫೋನೇ ಬರುವುದಿಲ್ಲ.

ಆಖೈರು ಶಿಲ್ಕು ಒಂದನ್ನೇ ನೋಡಬೇಡಿ

ನಾಚಿಕೆಯ ಮಾತೆಂದರೆ, ಲೆಕ್ಕದವಳಾಗಿ ನಾನು ಮಾಡಬಾರದ ತಪ್ಪನ್ನೇ ಮಾಡಿದ್ದೆ. ಪುಟದ ಕೊನೆಯ ಶಿಲ್ಕು ನೋಡಿ ಅಂಗಡಿ ದಿವಾಳಿ ಎಂದುಬಿಟ್ಟೆ. ಆರಂಭದ ಶಿಲ್ಕು ಎಷ್ಟಿತ್ತು, ನಡುವೆ ಏನು ಖರ್ಚಾಯಿತು ಎಂದು ಪುಟ ಹಿಂದಕ್ಕೆ ತಿರುವಲಿಲ್ಲ.

ದಾನಿಯ ಕ್ರಿಯಾಟಿನಿನ್ ಬಗ್ಗೆ ಮೂರು ಅಂಕಿ ಕೇಳಿ: ಆಸ್ಪತ್ರೆಗೆ ಸೇರಿದಾಗ ಎಷ್ಟಿತ್ತು, ಅತಿ ಹೆಚ್ಚು ಎಷ್ಟಕ್ಕೆ ಏರಿತು, ಈಗ ಎಷ್ಟಿದೆ. ಯಾಕೆಂದರೆ ಕಿಡ್ನಿಗೆ ಆಗುವ ಪೆಟ್ಟಿನಲ್ಲಿ ಎರಡು ಜಾತಿಯಿದೆ.

ರಕ್ತ ಸೋಸುವ ಪುಟ್ಟ ಗಂಟುಗಳು, ಅಂದರೆ ಗ್ಲೊಮೆರುಲಸ್‌ಗಳು, ಒಂದು ಕಿಡ್ನಿಯಲ್ಲಿ ಸರಾಸರಿ ಹತ್ತು ಲಕ್ಷದಷ್ಟಿರುತ್ತವೆ. ಕೆಲವರಿಗೆ ಎರಡು ಲಕ್ಷ ಮಾತ್ರ, ಇನ್ನು ಕೆಲವರಿಗೆ ಇಪ್ಪತ್ತು ಲಕ್ಷ. ಹುಟ್ಟುವಾಗ ಬಂದದ್ದೇ ಆಸ್ತಿ, ಆಮೇಲೆ ಒಂದೂ ಹೊಸದು ಸೇರುವುದಿಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಈ ಬಂಡವಾಳವನ್ನು ಸದ್ದಿಲ್ಲದೆ ಕರಗಿಸುತ್ತವೆ. ಗಂಟು ಒಮ್ಮೆ ಗಟ್ಟಿಕಟ್ಟಿ ಗಾಯದ ಕಲೆಯಾದರೆ ಮತ್ತೆ ತೆರೆಯುವುದಿಲ್ಲ. ಇದು ಮರಳಿ ಬಾರದ ನಷ್ಟ.

ಸೋಸಿದ ನೀರು ಹರಿಯುವ ಸಣ್ಣ ನಾಳಗಳ ಕತೆ ಬೇರೆ. ಅಪಘಾತದಲ್ಲಿ ರಕ್ತ ಹರಿದು ಬಿಪಿ ಬಿದ್ದರೆ, ಜಜ್ಜಿದ ಸ್ನಾಯುಗಳಿಂದ ಕಸ ರಕ್ತಕ್ಕೆ ಸೇರಿದರೆ, ಈ ನಾಳಗಳ ಒಳಪದರದ ಜೀವಕೋಶಗಳು ಸತ್ತು ಉದುರುತ್ತವೆ. ಕ್ರಿಯಾಟಿನಿನ್ ಎರಡು ಮೂರು ದಿನದಲ್ಲಿ 0.9ರಿಂದ 3.4ಕ್ಕೆ ಜಿಗಿಯುವುದು ಹೀಗೆ. ಆದರೆ ಆ ಪದರ ಮತ್ತೆ ಬೆಳೆಯುತ್ತದೆ. ಇಂಥ ಕಿಡ್ನಿ ಕಸಿಯಾದ ಮೇಲೆ ಕೆಲವು ದಿನ ಮುಷ್ಕರ ಹೂಡುವುದು ಹೆಚ್ಚು, ಅದು ನಿಜ. ಆದರೆ ಇವು ವರ್ಷಗಟ್ಟಲೆ ಬಾಳುವುದರಲ್ಲಿ ಉಳಿದ ದಾನಿಗಳ ಕಿಡ್ನಿಗಳಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಸಾವಿರಾರು ಕಸಿಗಳನ್ನು ಹಿಂಬಾಲಿಸಿದ ಅಧ್ಯಯನಗಳು ತೋರಿಸಿವೆ. ಎಲ್ಲಕ್ಕೂ ಇದು ಅನ್ವಯಿಸುವುದಿಲ್ಲ. ಕಿಡ್ನಿಯ ಹೊರಪದರವೇ ರಕ್ತವಿಲ್ಲದೆ ಸತ್ತಿದ್ದರೆ ಅದು ಚೇತರಿಸಿಕೊಳ್ಳದು. ಅನುಮಾನವಿದ್ದರೆ ಬಯಾಪ್ಸಿ ಮಾಡಿ ನೋಡುತ್ತಾರೆ.

ಇದರ ಇನ್ನೊಂದು ಮಗ್ಗುಲನ್ನೂ ಗಮನಿಸಿ. "ಕ್ರಿಯಾಟಿನಿನ್ 1.0, ಚೆನ್ನಾಗಿದೆ" ಎಂದ ಕೂಡಲೇ ಹಿಗ್ಗಬೇಡಿ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಸಣ್ಣ ಮೈಯ, ವಯಸ್ಸಾದ ದಾನಿಗೆ ಸ್ನಾಯು ಕಡಿಮೆ, ಹಾಗಾಗಿ ಬಂಡವಾಳದ ದೊಡ್ಡ ಪಾಲು ಕರಗಿದ್ದರೂ ಅಂಕಿ ಸಭ್ಯವಾಗಿಯೇ ಕಾಣುತ್ತದೆ. ನನಗೆ ಕೊನೆಗೆ ಸಿಕ್ಕಿದ್ದು ಅಂಥ ಕಿಡ್ನಿಯೇ: ದಾನಿಗೆ 58 ವರ್ಷ, ಹನ್ನೆರಡು ವರ್ಷದಿಂದ ಬಿಪಿ, ಮಿದುಳಿನಲ್ಲಿ ರಕ್ತಸ್ರಾವ, ಕ್ರಿಯಾಟಿನಿನ್ 1.0. ಆ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಏನನ್ನು ಒಪ್ಪುತ್ತಿದ್ದೇನೆ ಎಂದು ತಿಳಿದೇ ಒಪ್ಪಿದೆ.

ಸಾವು ಹೇಗಾಯಿತು ಎಂದು ಕೇಳುವುದು ಕ್ರೌರ್ಯವಲ್ಲ

ಹೆಸರು, ಊರು ಹೇಳುವುದಿಲ್ಲ, ಕೇಳಲೂಬಾರದು. ಆದರೆ ಸಾವಿನ ಕಾರಣ ಕೇಳಬಹುದು. ತಲೆಗೆ ಪೆಟ್ಟು ಬಿದ್ದು ಸತ್ತ ಹರೆಯದವರ ರಕ್ತನಾಳಗಳು ಬಹುತೇಕ ಆರೋಗ್ಯವಾಗಿರುತ್ತವೆ. ಪಾರ್ಶ್ವವಾಯುವಿನಿಂದ ಸತ್ತವರಲ್ಲಿ ಮಿದುಳಿನ ನಾಳಗಳನ್ನು ಕೆಡಿಸಿದ ಕಾಯಿಲೆ ಕಿಡ್ನಿಯ ನಾಳಗಳನ್ನೂ ಮುಟ್ಟಿರುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ 2002ರಿಂದ ಕೆಲವು ವರ್ಷ ಒಂದು ಸರಳ ಸೂತ್ರವಿತ್ತು: ದಾನಿಗೆ 60 ದಾಟಿದ್ದರೆ, ಅಥವಾ 50ರಿಂದ 59ರೊಳಗಿದ್ದು ಬಿಪಿ, 1.5 ಮೀರಿದ ಕ್ರಿಯಾಟಿನಿನ್, ಪಾರ್ಶ್ವವಾಯುವಿನ ಸಾವು ಈ ಮೂರರಲ್ಲಿ ಎರಡಿದ್ದರೆ, ಅದನ್ನು ವಿಸ್ತೃತ ಮಾನದಂಡದ ದಾನಿ ಎನ್ನುತ್ತಿದ್ದರು. ನನ್ನ ದಾನಿ ಮೂರರಲ್ಲಿ ಎರಡು ಅಂಕ ಗಳಿಸಿ ಆ ಪಟ್ಟಿಗೆ ಸೇರಿದವರೇ.

ಮಿದುಳು ಸಾಯುವ ಗಳಿಗೆಯಲ್ಲಿ ದೇಹದೊಳಗೆ ಆಗುವುದನ್ನು ಓದಿದ ಮೇಲೆ ಐಸಿಯುನವರ ಮೇಲೆ ನನಗೆ ಗೌರವ ಹೆಚ್ಚಿತು. ಮೊದಲು ಅಡ್ರಿನಲಿನ್ ಬಿರುಗಾಳಿಯಂತೆ ನುಗ್ಗಿ ಬಿಪಿ ಆಕಾಶಕ್ಕೇರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಕಿಡ್ನಿಗೆ ಹೋಗುವ ರಕ್ತ ಕುಗ್ಗುತ್ತದೆ. ಆಮೇಲೆ ಬಿರುಗಾಳಿ ಅಡಗಿ ಬಿಪಿ ಕುಸಿಯುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ನೀರು ಹಿಡಿದಿಡುವ ಹಾರ್ಮೋನು ಬರುವುದು ನಿಂತು, ಮೂತ್ರ ಲೀಟರುಗಟ್ಟಲೆ ಹರಿಯುತ್ತದೆ. ಅಂದರೆ "ದಾನಿಗೆ ಮೂತ್ರ ಧಾರಾಳವಾಗಿ ಹೋಗ್ತಿದೆ" ಎಂಬ ಮಾತು ಯಾವಾಗಲೂ ಒಳ್ಳೆಯ ಸುದ್ದಿಯೇನಲ್ಲ. ಕಳೆದುಹೋದ ನೀರನ್ನು ತುಂಬಿಕೊಟ್ಟರೇ, ಬಿಪಿ ಹಿಡಿದಿಟ್ಟರೇ ಎಂಬುದು ಮುಖ್ಯ. ಸತ್ತವರಿಗೆ ಆ ಕೊನೆಯ ಒಂದು ದಿನ ಮಾಡುವ ಆರೈಕೆಯೇ ಬದುಕಿರುವವರ ಕಿಡ್ನಿಯ ಹಣೆಬರಹದ ಒಂದು ಸಾಲು. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಾನಿಯ ಮೈಯನ್ನು 34ರಿಂದ 35 ಡಿಗ್ರಿಯಲ್ಲಿ ತುಸು ತಣ್ಣಗಿಟ್ಟರು, ಅಷ್ಟೇ. ಕಸಿಯ ನಂತರ ಕಿಡ್ನಿ ತಡವಾಗಿ ಶುರುವಾದದ್ದು ಶೇ 39ರಿಂದ ಶೇ 28ಕ್ಕೆ ಇಳಿಯಿತು.

ಕೆಲವು ದೇಶಗಳಲ್ಲಿ ಹೃದಯ ನಿಂತ ಮೇಲೆ ಪಡೆದ ಕಿಡ್ನಿಗಳೂ ಬರುತ್ತವೆ. ಅಲ್ಲಿ ಕೇಳಬೇಕಾದ್ದು ಬಿಸಿ ನಿಮಿಷಗಳ ಲೆಕ್ಕ: ರಕ್ತ ಕಡಿಮೆಯಾದದ್ದರಿಂದ ಹಿಡಿದು ತಣ್ಣನೆಯ ದ್ರಾವಣ ಹರಿಯುವವರೆಗೆ ಎಷ್ಟು ಹೊತ್ತಾಯಿತು ಎಂದು. ಇಂಥವು ತಡವಾಗಿ ಶುರುವಾಗುವುದು ಸುಮಾರು ಇಮ್ಮಡಿ, ಆದರೆ ಬಾಳಿಕೆ ಮಿದುಳು ಸಾವಿನ ದಾನಿಗಳದಕ್ಕೆ ಹತ್ತಿರವೇ ಇರುತ್ತದೆ.

ಮಂಜಿನ ಗಡಿಯಾರ

ಕಿಡ್ನಿಗೆ ತಣ್ಣನೆಯ ದ್ರಾವಣ ಹರಿಸಿದ ಕ್ಷಣದಿಂದ ನಿಮ್ಮ ರಕ್ತ ಅದರೊಳಗೆ ನುಗ್ಗುವವರೆಗೆ ಒಂದು ಗಡಿಯಾರ ಓಡುತ್ತಿರುತ್ತದೆ. ಸುಮಾರು 4 ಡಿಗ್ರಿಯಲ್ಲಿ ಜೀವಕೋಶಗಳ ಹಸಿವು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಪ್ರತಿ ಗಂಟೆಗೂ ಬಡ್ಡಿ ಏರುತ್ತದೆ. 24 ಗಂಟೆ ದಾಟದಿದ್ದರೆ ಒಳ್ಳೆಯದು ಎನ್ನುತ್ತಾರೆ, ಆದರೆ ಒಂದೇ ಅಂಕಿ ಎಲ್ಲಕ್ಕೂ ಸಲ್ಲದು. 25ರ ಕಿಡ್ನಿ 20 ಗಂಟೆ ತಾಳಿಕೊಂಡೀತು, 65ರ ಕಿಡ್ನಿಗೆ ಅದೇ 20 ಗಂಟೆ ಭಾರವಾದೀತು. ಯುರೋಪಿನ ಕೆಲವು ದೇಶಗಳು ಸೇರಿ ನಡೆಸುವ ಯುರೋಟ್ರಾನ್ಸ್‌ಪ್ಲಾಂಟ್ ಸಂಸ್ಥೆ 1999ರಲ್ಲಿ 65 ದಾಟಿದ ದಾನಿಗಳ ಕಿಡ್ನಿಯನ್ನು 65 ದಾಟಿದವರಿಗೇ, ಅದೂ ಹತ್ತಿರದ ಊರಿನಲ್ಲೇ ಕೊಡುವ ಏರ್ಪಾಡು ಮಾಡಿದ್ದರ ಹಿಂದಿನ ಲೆಕ್ಕ ಇದೇ: ಹಳೆಯ ಕಿಡ್ನಿಯನ್ನು ದೂರ ಕಳಿಸಬಾರದು.

ಕಿಡ್ನಿಯನ್ನು ಮಂಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೋ, ಪಂಪ್ ಯಂತ್ರದಲ್ಲೋ ಎಂದೂ ಕೇಳಿ. 2009ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗವೊಂದು ನನಗೆ ತುಂಬ ಹಿಡಿಸಿತು. 336 ದಾನಿಗಳ ಎರಡೆರಡು ಕಿಡ್ನಿಗಳಲ್ಲಿ ಒಂದನ್ನು ಪೆಟ್ಟಿಗೆಗೆ, ಇನ್ನೊಂದನ್ನು ತಣ್ಣನೆಯ ದ್ರಾವಣ ಸುತ್ತಾಡಿಸುವ ಯಂತ್ರಕ್ಕೆ ಹಾಕಿದರು. ಒಂದೇ ತಾಯಿಯ ಮಕ್ಕಳನ್ನು ಬೇರೆ ಬೇರೆ ಮನೆಯಲ್ಲಿ ಬೆಳೆಸಿದ ಹಾಗೆ. ತಡವಾಗಿ ಶುರುವಾದದ್ದು ಪೆಟ್ಟಿಗೆಯಲ್ಲಿ ಶೇ 26.5, ಯಂತ್ರದಲ್ಲಿ ಶೇ 20.8.

ಈ ಗಡಿಯಾರದ ಒಂದು ತುಂಡು ನಿಮ್ಮ ಕೈಯಲ್ಲೂ ಇದೆ. ಫೋನ್ ಚಾರ್ಜಿನಲ್ಲಿರಲಿ, ಮನೆಯವರ ಇನ್ನೆರಡು ನಂಬರ್ ಆಸ್ಪತ್ರೆಯಲ್ಲಿರಲಿ. ಚೀಲ ಕಟ್ಟಿಡಿ, ಕೊನೆಯ ಡಯಾಲಿಸಿಸ್ ಯಾವಾಗ ಆಯಿತು, ಒಣ ತೂಕ (ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ) ಎಷ್ಟು ಎಂಬ ಚೀಟಿ ಅದರಲ್ಲಿರಲಿ. ಏನನ್ನಾದರೂ ತಿನ್ನುವ ಕುಡಿಯುವ ಮೊದಲು ಫೋನ್ ಮಾಡಿದವರನ್ನೇ ಕೇಳಿ. ಆಸ್ಪತ್ರೆ ತಲುಪಿದ ಮೇಲೂ ರಕ್ತ ಹೊಂದಾಣಿಕೆಯ ಕೊನೆಯ ಪರೀಕ್ಷೆ, ಬೇಕಾದರೆ ಇನ್ನೊಂದು ಡಯಾಲಿಸಿಸ್ ಎಲ್ಲ ಆಗಬೇಕು. ನನ್ನ ಎರಡನೆಯ ಕರೆಯಲ್ಲಿ ಒಟ್ಟು 17 ಗಂಟೆ ಆಯಿತು, ಅದರಲ್ಲಿ ಮುಕ್ಕಾಲು ಗಂಟೆ ಹಳೆಯ ಎಕೋ ರಿಪೋರ್ಟ್ ಹುಡುಕಿದ ನನ್ನ ಪಾಲು.

ಬಯಾಪ್ಸಿ, ಸೋಂಕು, ಅಂಕ

ದಾನಿಯ ಕಿಡ್ನಿಯಿಂದ ಚೂರು ತೆಗೆದು ಅದರಲ್ಲಿರುವ ಗಂಟುಗಳಲ್ಲಿ ನೂರಕ್ಕೆ ಎಷ್ಟು ಗಟ್ಟಿಕಟ್ಟಿವೆ ಎಂದು ಎಣಿಸುತ್ತಾರೆ. 20 ದಾಟಿದರೆ ಅನೇಕರು ಹಿಂದೇಟು ಹಾಕುತ್ತಾರೆ. ನನ್ನದು 12. ಈ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅವಸರದಲ್ಲಿ ಹೆಪ್ಪುಗಟ್ಟಿಸಿ ಕತ್ತರಿಸಿದ ಚೂರು ಅದು, ಮೇಲ್ಪದರದಿಂದಲೇ ತೆಗೆದಿದ್ದರೆ ಕಲೆಗಳು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಎಣಿಸಿದ್ದು 25 ಗಂಟುಗಳಿಗಿಂತ ಕಡಿಮೆಯಾದರೆ ಶೇಕಡಾ ಲೆಕ್ಕಕ್ಕೆ ಅಷ್ಟು ತೂಕವಿಲ್ಲ. ತೀರ ಸವೆದ ಎರಡು ಕಿಡ್ನಿಗಳನ್ನು ಒಬ್ಬರಿಗೇ ಇಡುವ ಪದ್ಧತಿಯೂ ಇದೆ.

ಹೆಪಟೈಟಿಸ್ ಸಿ ಎಂದ ಕೂಡಲೇ ಬೆಚ್ಚಬೇಡಿ. ಈಗಿನ ಮಾತ್ರೆಗಳಿಂದ ನೂರರಲ್ಲಿ 95ಕ್ಕೂ ಹೆಚ್ಚು ಮಂದಿಗೆ ವಾಸಿಯಾಗುತ್ತದೆ, ಹಾಗಾಗಿ ಮಾತ್ರೆ ಖಾತ್ರಿಯಾಗಿ ಸಿಗುವ ಕಡೆ ಇಂಥ ಕಿಡ್ನಿಯನ್ನು ಸೋಂಕಿಲ್ಲದವರಿಗೂ ಕೊಡುತ್ತಾರೆ. ಸಿಎಂವಿ, ಅಂದರೆ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಸದ್ದಿಲ್ಲದೆ ಇದ್ದು ಕಸಿಯಾದವರನ್ನು ಕಾಡಬಲ್ಲ ವೈರಸ್ಸಿನ ಬಗ್ಗೆ ಯಾರೂ ಕೇಳುವುದಿಲ್ಲ, ನೀವು ಕೇಳಿ: ದಾನಿಗೆ ಅದು ಬಂದು ಹೋಗಿದ್ದು ನಿಮಗೆ ಎಂದೂ ಬಂದಿಲ್ಲದಿದ್ದರೆ ಸುಮಾರು ಆರು ತಿಂಗಳು ತಡೆಮಾತ್ರೆ ನುಂಗಬೇಕಾಗುತ್ತದೆ. ದಾನಿಗೆ ಕ್ಯಾನ್ಸರ್ ಇತ್ತೇ ಎಂಬ ಪ್ರಶ್ನೆಯನ್ನು ಬಿಡಬೇಡಿ.

ಅಮೆರಿಕದಲ್ಲಿ 2014ರಿಂದ ದಾನಿಯ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಕ್ರಿಯಾಟಿನಿನ್, ಸಾವಿನ ಕಾರಣ ಮುಂತಾದವನ್ನು ಒಟ್ಟುಗೂಡಿಸಿ ಕೆಡಿಪಿಐ ಎಂಬ ಅಂಕ ಕೊಡುತ್ತಾರೆ. ಸೊನ್ನೆಯಿಂದ ನೂರರವರೆಗೆ, ಕಡಿಮೆಯಾದಷ್ಟೂ ಒಳ್ಳೆಯದು. 20ರೊಳಗಿನ ಕಿಡ್ನಿಗಳಲ್ಲಿ ಅರ್ಧದಷ್ಟು ಸುಮಾರು ಹನ್ನೊಂದೂವರೆ ವರ್ಷ ದಾಟುತ್ತವೆ. 21ರಿಂದ 85ರವು ಒಂಬತ್ತು, 85 ಮೀರಿದವು ಐದೂವರೆ ಎಂದು ಅಲ್ಲಿ ರೋಗಿಗಳಿಗೆ ಹೇಳುತ್ತಾರೆ. ದಾನಿಗಳ ಗುಂಪನ್ನು ಅಳೆಯಲು ಇದು ಸರಿ. ಆದರೆ ಈ ಅಂಕಕ್ಕೆ ಕೊನೆಯ ಕ್ರಿಯಾಟಿನಿನ್ ಗೊತ್ತು, ಆರಂಭದ್ದು ಗೊತ್ತಿಲ್ಲ. ನಾನು ಮಾಡಿದ ತಪ್ಪನ್ನೇ ಅದೂ ಮಾಡುತ್ತದೆ ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ.

ತಕ್ಕಡಿಯ ಇನ್ನೊಂದು ತಟ್ಟೆ

ಆ ರಾತ್ರಿ ನಾನು 3.4ರ ಕಿಡ್ನಿಯನ್ನು ಹೋಲಿಸಿದ್ದು ನನ್ನ ಕಲ್ಪನೆಯ ಒಂದು ಒಳ್ಳೆಯ ಕಿಡ್ನಿಯ ಜೊತೆ. ಅದು ಎಲ್ಲೂ ಇರಲಿಲ್ಲ. ಹೋಲಿಸಬೇಕಿದ್ದದ್ದು ಇನ್ನೂ 14 ತಿಂಗಳ ಡಯಾಲಿಸಿಸ್ ಜೊತೆ. 1999ರಲ್ಲಿ ಅಮೆರಿಕದ ಪಟ್ಟಿಯಲ್ಲಿದ್ದವರನ್ನು ಲೆಕ್ಕ ಹಾಕಿದಾಗ, ಕಸಿಯಾದ ಮೊದಲ ಎರಡು ವಾರ ಸಾವಿನ ಅಪಾಯ ಕಾಯುತ್ತಿದ್ದವರಿಗಿಂತ 2.8 ಪಟ್ಟು ಹೆಚ್ಚು ಕಂಡಿತು. ದೀರ್ಘಕಾಲದಲ್ಲಿ ಅದು ಶೇ 68ರಷ್ಟು ಕಡಿಮೆಯಾಯಿತು. ಮೊದಲು ತೆತ್ತು ಆಮೇಲೆ ಗಳಿಸುವ ವ್ಯವಹಾರ ಇದು. ಹಾಗಾಗಿ 30ರ ಹರೆಯದವರಿಗೆ, ಮನೆಯಲ್ಲೇ ಜೀವಂತ ದಾನಿಯೊಬ್ಬರು ತಯಾರಾಗುತ್ತಿದ್ದರೆ, ಸವೆದ ಕಿಡ್ನಿ ಬೇಡ ಎನ್ನುವುದರಲ್ಲಿ ಅರ್ಥವಿದೆ. 60 ದಾಟಿ, ಡಯಾಲಿಸಿಸ್‌ಗೆಂದು ತೋಳಿನಲ್ಲಿ ಜೋಡಿಸಿದ ರಕ್ತನಾಳ (ಫಿಸ್ಟುಲಾ) ಎರಡು ಸಲ ಮುಚ್ಚಿಹೋಗಿ, ಕತ್ತಿನ ಕ್ಯಾಥೆಟರ್ ಮೇಲೆ ದಿನ ದೂಡುತ್ತಿರುವವರಿಗೆ ಅದೇ ಕಿಡ್ನಿ ಲಾಭದ ಬಾಬ್ತು.

ಜೀವಂತ ದಾನಿಯ ಕಿಡ್ನಿ ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ: ಬಿರುಗಾಳಿಯಿಲ್ಲ, ಮಂಜಿನಲ್ಲಿ ಕಾಯುವುದು ಬಹಳ ಕಡಿಮೆ, ದಾನಿಯನ್ನು ತಿಂಗಳುಗಟ್ಟಲೆ ಪರೀಕ್ಷಿಸಿರುತ್ತಾರೆ. ಆದರೆ 45 ಕಿಲೋ ತೂಕದ ತಾಯಿಯ ಕಿಡ್ನಿ 90 ಕಿಲೋ ಮಗನಿಗೆ ಹೋಗುವಾಗ ಗಾತ್ರದ ಪ್ರಶ್ನೆಯನ್ನು ಕೇಳಲೇಬೇಕು.

ಹನ್ನೊಂದು ದಿನ

ಆಪರೇಷನ್ ಆದ ಮೇಲೆ ನನ್ನ ಕಿಡ್ನಿ ಮಲಗಿಬಿಟ್ಟಿತು. ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾದರೆ ಅದನ್ನು ತಡವಾದ ಆರಂಭ ಎನ್ನುತ್ತಾರೆ. ಸತ್ತ ದಾನಿಯ ಕಿಡ್ನಿ ಪಡೆದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ನನಗೆ ಹನ್ನೊಂದು ದಿನದಲ್ಲಿ ನಾಲ್ಕು ಡಯಾಲಿಸಿಸ್ ಆಯಿತು. ಪಕ್ಕದ ಹಾಸಿಗೆಯವರ ಚೀಲ ತುಂಬಿ ತುಂಬಿ ಚೆಲ್ಲುತ್ತಿದ್ದರೆ ನನ್ನ ಚೀಲದಲ್ಲಿ 60 ಮಿಲಿ. "ಇದೂ ಹೋಯ್ತು ಅಲ್ವಾ ಸಿಸ್ಟರ್?" ಎಂದು ಎಷ್ಟು ಸಲ ಕೇಳಿದೆನೋ. "ಇನ್ನೂ ನಿದ್ದೆ ಮಾಡ್ತಿದೆ ಅಕ್ಕ, ಎಬ್ಬಿಸಬೇಡಿ," ಎನ್ನುತ್ತಿದ್ದರು ಆ ಹುಡುಗಿ.

ಈ ದಿನಗಳಲ್ಲಿ ತಿರಸ್ಕಾರ, ಅಂದರೆ ಹೊಸ ಕಿಡ್ನಿಯನ್ನು ಪರಕೀಯವೆಂದು ಮೈ ದಾಳಿ ಮಾಡುವುದು, ಶುರುವಾದರೂ ಹೊರಗೆ ಕಾಣುವುದಿಲ್ಲ, ಮೂತ್ರವೇ ಇಲ್ಲದಿರುವಾಗ ಇಳಿಯಲು ಏನಿದೆ. ಅದಕ್ಕೇ ವಾರ, ಹತ್ತು ದಿನಕ್ಕೊಮ್ಮೆ ಬಯಾಪ್ಸಿ ಮಾಡುತ್ತಾರೆ. ಅದನ್ನು ಕೆಟ್ಟ ಸೂಚನೆ ಎಂದುಕೊಳ್ಳಬೇಡಿ. ಹನ್ನೆರಡನೆಯ ದಿನ 400 ಮಿಲಿ ಬಂತು, ಆಮೇಲೆ ನಿಲ್ಲಲಿಲ್ಲ. ಕ್ರಿಯಾಟಿನಿನ್ 1.6ಕ್ಕೆ ಬಂದು ಕೂತಿತು, ಆರು ವರ್ಷವಾದರೂ ಅಲ್ಲೇ ಇದೆ.

ಕೊನೆಯದಾಗಿ, ಮನೆಗೆ ಕಳಿಸುವಾಗ ಒಂದು ಕಾಗದ ಕೇಳಿ ಪಡೆಯಿರಿ. ಅದರಲ್ಲಿ ದಾನಿಯ ವಯಸ್ಸು, ಬಿಪಿ ಮತ್ತು ಸಕ್ಕರೆ ಇತ್ತೇ, ಮೂರು ಕ್ರಿಯಾಟಿನಿನ್ ಅಂಕಿಗಳು, ಮಂಜಿನ ಗಂಟೆಗಳು, ಬಯಾಪ್ಸಿಯ ಶೇಕಡಾ, ಸಿಎಂವಿ ಇವಿಷ್ಟು ಇರಲಿ. ಕಳೆದ ವರ್ಷ ಹೊಸದಾಗಿ ಬಂದ ಡಾಕ್ಟರೊಬ್ಬರು ನನ್ನ 1.6 ನೋಡಿ ಹುಬ್ಬುಗಂಟಿಕ್ಕಿ, ಬಯಾಪ್ಸಿ ಮಾಡಿಸಿದರು. ನೂರರಲ್ಲಿ 14 ಗಂಟು ಗಟ್ಟಿಕಟ್ಟಿದ್ದವು. "ಔಷಧಿ ಬದಲಾಯಿಸಬೇಕೇನೋ," ಎಂದರು. ನಾನು ಆ ಹಳೆಯ ಕಾಗದ ಕೊಟ್ಟೆ: ಬರುವಾಗಲೇ 12. ಅವರು ಎರಡು ಅಂಕಿಗಳನ್ನೂ ಪಕ್ಕಪಕ್ಕ ಬರೆದು, ಔಷಧಿ ಚೀಟಿಯನ್ನು ಹಾಗೆಯೇ ವಾಪಸು ಕೊಟ್ಟರು.